ಹಬೆಯಲ್ಲೇ ಉಪ್ಪು ಕಂಡವನು

ಹೊಳೆದಂಡೆಯ ನಮ್ಮ ಮಠದ ಸಾರು ಒಮ್ಮೆ ಉಂಡವರು ಬೇರೆ ಕಡೆಯ ಸಾರನ್ನು ಸಾರು ಅನ್ನುವುದಿಲ್ಲ. ಬಡಾಯಿ ಅನ್ನೋರು ಬಂದು ಉಂಡು ಹೋಗಲಿ.

ಆ ಒಲೆಗೆ ಒಡೆಯ ಕೊಟ್ರಯ್ಯಜ್ಜ. ಅವನ ಅಡುಗೆಮನೆಯಲ್ಲಿ ಒಂದೇ ಕಟ್ಟಳೆ: ಬಂದವರು ಉಣ್ಣುವ ಮುನ್ನ ಅಡುಗೆಯವನು ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲವೂ ಹಬೆಯಲ್ಲೇ ತಿಳಿಯಬೇಕು.

ಕಲಿತ ಶಿಷ್ಯ ಹೊರಗೆ ಹೋಗಿ ತನ್ನದೇ ಒಂದು ಒಲೆ ಸಂಪಾದಿಸಬೇಕು. ಸಂಪಾದಿಸಿ ಬಂದರೆ ಅಜ್ಜ ತಾನು ಕೊಪ್ಪರಿಗೆ ಕಲಕಿದ ಆಳೆತ್ತರದ ಮರದ ಹುಟ್ಟನ್ನು ಅವನ ಕೈಗೆ ಕೊಡುತ್ತಿದ್ದ. ಮೂರು ಸಲ ಹೋಗಿ ಬರಿಗೈಲಿ ಬಂದವನಿಗೆ ಮಠದಲ್ಲೇ ಸೌದೆ ಒಡೆಯುವ ಕೆಲಸ.

ಅಲ್ಲಿಯತನಕ ಹುಟ್ಟು ಒಯ್ದವರು ನಾಲ್ಕೇ ಮಂದಿ. ನಾಲ್ವರ ಹೆಸರೂ ನಮ್ಮೂರಿಗೆ ಬಾಯಿಪಾಠ.

ಹನ್ನೆರಡು ವರ್ಷ ಅಜ್ಜನ ಬಳಿ ಕಲಿತ ಶಿಷ್ಯ ಮೈಲಾರಿ ಒಲೆ ಹುಡುಕಿ ಪೇಟೆಗೆ ಹೊರಟ. ಸಂಜೆಗೆ ವಾಪಸ್ ಬಂದ.

"ಏನಾಯ್ತಲೇ?"

"ನೀಲಮ್ಮನ ಖಾನಾವಳಿಗೆ ಹೋಗಿದ್ದೆ ಅಜ್ಜಾರೇ. ಏನು ಕೆಲಸ ಕೊಟ್ರೂ ಮಾಡ್ತೀನಿ ಅಂದೆ. ಚಮಚದಲ್ಲಿ ಸಾರು ಕೊಟ್ಟು, ಏನು ಕಮ್ಮಿ ಹೇಳು ಅಂದ್ಳು."

"ನೀನು?"

"ಉಣ್ಣೋರು ಇನ್ನೂ ಕೂತಿರಲಿಲ್ಲ. ನಾಲಿಗೆಗೆ ಹೆಂಗೆ ಇಡಲಿ? ಸುಮ್ಮನೆ ಕೈಮುಗಿದು ನಿಂತೆ. ಚಮಚ ಹಿಡಿಯೋಕೂ ಬರಲ್ಲ, ಪಾತ್ರೆ ತೊಳಿ ಬೇಕಾದ್ರೆ ಅಂದ್ಳು."

"ಹೆಂಗೆ ನಿಂತಿದ್ದೆ? ನಿಂತು ತೋರಿಸು."

ಮೈಲಾರಿ ಕೈಮುಗಿದು, ಬೆನ್ನು ಬಗ್ಗಿಸಿ ನಿಂತ.

"ನೆಲದ ಮೇಲೆ ಏನು ಹುಡುಕ್ತಿದ್ದೆ?"

ಮೈಲಾರಿ ತಟ್ಟನೆ ತಲೆ ಎತ್ತಿದ.

ಅಜ್ಜ ಅವನನ್ನು ಒಳಗೆ ಕರೆದೊಯ್ದ. ಐನೂರು ಮಂದಿಯ ಸಾರು ಕುದಿಯುತ್ತಿತ್ತು.

"ಉಪ್ಪು?"

ಮೈಲಾರಿ ಬಗ್ಗಿ ಹಬೆ ಎಳೆದುಕೊಂಡ. "ಎರಡು ಮುಷ್ಟಿ ಕಮ್ಮಿ."

"ಇರಬಹುದೇನೋ?"

"ಇರಬಹುದೇನೋ ಯಾಕೆ? ಎರಡು ಮುಷ್ಟಿ ಕಮ್ಮಿ!"

"ಈ ಗಂಟಲು ಪೇಟೆಗೆ ಹೋದಾಗ ಎಲ್ಲಿಟ್ಟಿದ್ದೆ?" ಅಂದ ಅಜ್ಜ, ಉಪ್ಪು ಹಾಕುತ್ತಾ.

ಎರಡನೇ ಸಲ ಮೈಲಾರಿ ಎದೆಯುಬ್ಬಿಸಿಕೊಂಡು ಹೋದ. ಮಧ್ಯಾಹ್ನಕ್ಕೇ ವಾಪಸ್.

"ದೊಡ್ಡ ಹೋಟೆಲಿಗೆ ಹೋಗಿದ್ದೆ ಅಜ್ಜಾರೇ. ಪಲಾವು, ಪನೀರು, ನೂಡಲ್ಸು, ಎಲ್ಲಾ ಬರ್ತದೆ ಅಂದೆ. ಪನೀರು ಮಾಡಿ ತೋರಿಸು ಅಂದ್ರು."

"ಪನೀರು ನೋಡೀಯೇನಲೇ?"

"ಬೋರ್ಡಿನ ಮೇಲೆ ನೋಡೀನಿ."

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸಾಕಾದ ಮೇಲೆ ಕೇಳಿದ:

"ಮೊದಲ ಸಲ ಇದ್ದದ್ದು ಹೇಳಲಿಲ್ಲ. ಈ ಸಲ ಇಲ್ಲದ್ದು ಹೇಳಿದೆ. ಇನ್ನು ಉಳಿದಿರೋದು ಏನು?"

ಮೈಲಾರಿ ಕೊಟ್ಟಿಗೆಯ ಪಕ್ಕದ ಕೊಡಲಿ ನೋಡಿದ. ಗೋಡೆಗೆ ಒರಗಿಸಿದ್ದ ಹುಟ್ಟನ್ನೂ ನೋಡಿದ.

ಮೂರನೇ ಸಲ ಅವನು ಹೋದದ್ದು ಬೇರೆಲ್ಲಿಗೂ ಅಲ್ಲ, ನೀಲಮ್ಮನ ಖಾನಾವಳಿಗೇ.

"ಮತ್ತೆ ಬಂದ್ಯಾ? ಪಾತ್ರೆ ತೊಳೆಯೋಕೆ ಆಳು ಸಿಕ್ಕಾಯ್ತು ಹೋಗು."

"ಪಾತ್ರೆಗೆ ಬಂದಿಲ್ಲ ಅಕ್ಕಾರೇ. ನಿಮ್ಮ ಒಲೆ ಕೇಳೋಕೆ ಬಂದೀನಿ."

"ಅಬ್ಬಬ್ಬಾ! ರುಚಿ ನೋಡೋಕೆ ಬರದವನಿಗೆ ಒಲೆ ಬೇರೆ ಕೇಡು!"

"ಬರಲ್ಲ ಅಂತಲ್ಲ, ನೋಡೋ ಹಂಗಿಲ್ಲ. ಕೊಟ್ರಯ್ಯಜ್ಜನ ಕೈಲಿ ಪಳಗಿದವನು ನಾನು. ಉಣ್ಣೋರಿಗಿಂತ ಮುಂಚೆ ನಾವು ನಾಲಿಗೆಗೆ ಇಡಲ್ಲ. ಬೇಳೆ ಸಾರು, ಹುಳಿ, ಪಾಯಸ, ಇಷ್ಟೇ ನನಗೆ ಬರೋದು. ಸಾವಿರ ಮಂದಿಗಾದ್ರೂ ಸೈ. ಮುಚ್ಚಳ ತೆಗೀರಿ."

ನೀಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮುಚ್ಚಳ ತೆಗೆದಳು.

ಮೈಲಾರಿ ಬಗ್ಗಿದ.

"ಉಪ್ಪು ಒಂದು ಮುಷ್ಟಿ ಕಮ್ಮಿ. ಹುಣಸೆ ಹಸಿ ಐತೆ. ತಳದಲ್ಲಿ ಬೇಳೆ ಹಿಡೀತಾ ಐತೆ, ಉರಿ ತೆಗೀರಿ ಮೊದಲು!"

ನೀಲಮ್ಮ ಚಮಚದಲ್ಲಿ ತೆಗೆದು ಬಾಯಿಗಿಟ್ಟಳು. ಒಲೆ ಮುಂದೆ ಕೂತು, ಉರಿಯುವ ಸೌದೆ ಎರಡು ಹೊರಗೆಳೆದಳು. ಕೊಪ್ಪರಿಗೆಯ ತಳ ಕೆರೆದಳು. ಸೌಟಿಗೆ ಕಂದು ಬೇಳೆ ಅಂಟಿಕೊಂಡು ಬಂತು.

"ಬೆಳಿಗ್ಗೆ ಎಷ್ಟೊತ್ತಿಗೆ ಬರ್ತೀಯಪ್ಪಾ?" ಅಂದಳು.

ಮೈಲಾರಿ ಹೊಳೆದಂಡೆಗೆ ಓಡಿ ಬಂದ.

"ಸಿಕ್ತು ಅಜ್ಜಾರೇ!"

"ಅವಳು ಕೊಟ್ಟಳೋ?"

"ನಾನು ಕೇಳಿ ತಗೊಂಡೆ."

ಅಜ್ಜ ಎದ್ದ. ಗೋಡೆಗೆ ಒರಗಿಸಿದ್ದ ಹುಟ್ಟನ್ನು ಹೊಳೆನೀರಲ್ಲಿ ತೊಳೆದ. ತನ್ನ ಪಂಚೆಯ ತುದಿಯಿಂದ ಒರೆಸಿದ. ಮೈಲಾರಿಯ ಕಣ್ಣು ತುಂಬಿ ಬಂತು. ಅಡ್ಡಬಿದ್ದು ಕಾಲು ಹಿಡಿಯಲು ಹೋದ.

ಅಜ್ಜ ಹುಟ್ಟನ್ನು ಅವನೆದೆಗೆ ಅಡ್ಡ ಹಿಡಿದು ತಡೆದ.

"ನಿಂತೇ ತಗೋ ಮಗನೇ. ಇನ್ನು ಮೇಲೆ ನೀನು ಬಗ್ಗೋದು ಕೊಪ್ಪರಿಗೆ ಮುಂದೆ ಮಾತ್ರ."