ಫೋಟೋದ ಹೊರಗೆ ಕೂತ ಹುಡುಗಿ

"ಗುರುಗಳೇ, ಇನ್ನೂರು ಜನ ಶಿಕ್ಷಕರಿರುವ ವಾಟ್ಸಾಪ್ ಗುಂಪಿನಲ್ಲಿ 'ಇದು ನನಗೆ ಬರುತ್ತಿಲ್ಲ, ಹೇಳಿಕೊಡಿ' ಎಂದು ಬರೆದರೆ ಮಾಸ್ತರನ ಮರ್ಯಾದೆ ಉಳಿಯುತ್ತದೆಯೇ?" ಎಂದು ಬಸವಂತ ಕೇಳಿದ. ಅವನು ಮಾಸ್ತರನಾಗಿ ಶಾಲೆಗೆ ಸೇರಿ ಒಂದು ವರ್ಷವಾಗಿತ್ತು.

"ಮರ್ಯಾದೆಯ ಮಾತು ಆಮೇಲೆ. ಮೊದಲು ಆ ಫೋನು ಜೇಬಿಗಿಡು, ಕತೆ ಕೇಳು" ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಮಾಸ್ತರನಿದ್ದ. ಇಡೀ ಶಾಲೆಗೆ ಅವನೊಬ್ಬನೇ. ಅವನೂ ಇಂಥದ್ದೇ ಗುಂಪಿನಲ್ಲಿದ್ದ. ಬೆಳಗಾದರೆ ಶುಭೋದಯ, ಮಧ್ಯಾಹ್ನ ಬಿಸಿಯೂಟದ ಫೋಟೋ, ಸಂಜೆ ಒಬ್ಬರಿಗೊಬ್ಬರು ಚಪ್ಪಾಳೆ. ಆಹಾ, ನೋಡಿದವರಿಗೆ ನಾಡಿನ ಮಕ್ಕಳೆಲ್ಲ ಪಂಡಿತರು!

ಅವನ ತರಗತಿಯಲ್ಲಿ ಲಂಬಾಣಿ ತಾಂಡಾದ ಹುಡುಗಿಯೊಬ್ಬಳಿದ್ದಳು. ಅಕ್ಷರ ಗುರುತಿಸುತ್ತಿದ್ದಳು, ಕೂಡಿಸಿ ಓದಲು ಬರುತ್ತಿರಲಿಲ್ಲ. ಜೂನ್‌ನಿಂದ ತಿದ್ದಿಸಿದ್ದೇ ತಿದ್ದಿಸಿದ್ದು, ಪ್ರಯೋಜನವಾಗಲಿಲ್ಲ. ಅವಳು ಮನೆಮಾತಿನಲ್ಲಿ ಬಾಯಿಬಿಟ್ಟರೆ "ಶಾಲೆಯಲ್ಲಿ ಆ ಮಾತು ಬೇಡ" ಎಂದು ಗದರುತ್ತಿದ್ದ. ಗುಂಪಿಗೆ ಫೋಟೋ ತೆಗೆಯುವಾಗ ಚೆನ್ನಾಗಿ ಓದುವವರನ್ನು ಮುಂದೆ ನಿಲ್ಲಿಸಿ, ಅವಳನ್ನು ಬಾಗಿಲ ಪಕ್ಕಕ್ಕೆ ಕೂರಿಸುತ್ತಿದ್ದ. ಅಲ್ಲಿ ಕೂತವರು ಫೋಟೋದಲ್ಲಿ ಬರುತ್ತಿರಲಿಲ್ಲ.

ದಸರೆಯ ಹೊತ್ತಿಗೆ ಅವಳ ಅಪ್ಪ ಬಂದ. "ಮಾಸ್ತರ್ರೇ, ದೀಪಾವಳಿ ಮುಗದ ಕೂಡ್ಲೇ ನಾವು ಕಬ್ಬು ಕಡಿಯಾಕ ಹೊಂಟೀವಿ. ಅಷ್ಟರಾಗ ಇಕಿ ನಾಕು ಸಾಲು ಓದಿದ್ರ ಅಜ್ಜಿ ಕಡೆ ಬಿಟ್ಟು ಹೋಗ್ತೀನಿ. ಇಲ್ಲಂದ್ರ ನಮ್ಮ ಜೋಡಿ ಬರ್ಲಿ."

ಮಾಸ್ತರ ಅಂದು ಸಂಜೆಯೇ ಗುಂಪಿನಲ್ಲಿ ಪ್ರಶ್ನೆ ಬರೆದ. ಕಳಿಸಲಿಲ್ಲ, ಅಳಿಸಿದ. ಮರುದಿನ ಬರೆದ, ಅಳಿಸಿದ. ಹದಿನೈದು ವರ್ಷದ ಸರ್ವೀಸು. ನಾಲ್ಕು ಜನ ಏನಂದಾರು? ಹಾಗೇ ದೀಪಾವಳಿ ಕಳೆಯಿತು.

ಒಂದು ಬೆಳಿಗ್ಗೆ ತಾಂಡಾದ ಮುಂದೆ ಲಾರಿ ಬಂದು ನಿಂತಿತು. ಮಾಸ್ತರ ಗುಂಪಿಗೆ ಬರೆದು ಕಳಿಸಿಯೇಬಿಟ್ಟ: "ಲಂಬಾಣಿ ಹುಡುಗಿಗೆ ಓದು ಕಲಿಸಲು ನನ್ನಿಂದ ಆಗುತ್ತಿಲ್ಲ. ಯಾರಾದರೂ ಹೇಳಿ."

ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಆರೇ ನಿಮಿಷ. ಕಂಡು ಕೇಳದ ಊರಿನ ಒಬ್ಬ ಶಿಕ್ಷಕಿ ಉತ್ತರ ಬರೆದಿದ್ದಳು: "ನನಗೂ ಹೀಗೇ ಆಗಿತ್ತು ಸರ್. ಅವಳ ಮನೆಯ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡಿ. ಅಲ್ಲಿಂದ ಶುರು ಮಾಡಿ."

ಮಾಸ್ತರ ಸ್ಲೇಟು ಹಿಡಿದು ಓಡಿದ. ಹುಡುಗಿ ಆಗಲೇ ಲಾರಿ ಹತ್ತಿದ್ದಳು. ಶಾಲೆಯ ಗೇಟಿನಲ್ಲಿ ಅವಳು ತಾಯಿಯನ್ನು ಕೂಗುತ್ತಿದ್ದ ಶಬ್ದ ಅವನಿಗೆ ನೆನಪಿತ್ತು. ಅದನ್ನೇ ಬರೆದು ಎತ್ತಿ ಹಿಡಿದ.

ಹುಡುಗಿ ನೋಡಿದಳು. ತುಟಿ ಅಲುಗಿತು. "ಯಾ... ಡಿ. ಯಾಡಿ!" ಎಂದು ಕೂಗಿ, ಪಕ್ಕದಲ್ಲಿದ್ದ ತಾಯಿಯನ್ನು ತಬ್ಬಿಕೊಂಡಳು. ಹುಟ್ಟಿದ ಮೇಲೆ ಅವಳು ಓದಿದ ಮೊದಲ ಶಬ್ದ ಅದು.

ಅಪ್ಪನ ಕಣ್ಣು ತುಂಬಿತು. "ಇದನ್ನ ಮೊದಲ ಬರೀಬೇಕಿತ್ತಲ್ರೀ ಮಾಸ್ತರ್ರೇ" ಎಂದ. ಅಷ್ಟರಲ್ಲಿ ಲಾರಿ ಹೊರಟಿತು. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಗುಂಪಿನಲ್ಲಿ ಯಾರಾದರೂ ನಕ್ಕರೇ ಗುರುಗಳೇ?" ಬಸವಂತ ಮೆಲ್ಲಗೆ ಕೇಳಿದ.

"ಒಬ್ಬರೂ ನಗಲಿಲ್ಲ. 'ನನ್ನ ತರಗತಿಯಲ್ಲೂ ಇಂಥ ಮಗುವಿದೆ' ಎಂದು ಸಂಜೆಯೊಳಗೆ ಹನ್ನೊಂದು ಜನ ಬರೆದರು."

ಬಸವಂತನ ಕೈ ಜೇಬಿನ ಫೋನಿನ ಮೇಲಿತ್ತು. ಗುರುಗಳು ಅದನ್ನು ನೋಡಿ ಕೇಳಿದರು:

"ಅದಿರಲಿ, ನಿನ್ನ ಶಾಲೆಯಲ್ಲಿ ಬಾಗಿಲ ಪಕ್ಕ ಕೂರುವ ಮಗುವಿನ ಹೆಸರೇನು?"