ಬೋರಲಿಂಗನ ಮಿಸ್ಸು

ಹೊನ್ನಾಜಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಮೈ ತುಂಬ ಕಸುವು, ತಲೆ ಮಾತ್ರ ಖಾಲಿ ಗುಡಾಣ. "ಶಿವನೇ, ಹೇಳಿದ್ದನ್ನೇ ಮಾಡ್ತಾನಲ್ಲಪ್ಪ ಇವ್ನು!" ಅಂತ ಅವಳು ಹಣೆ ಹಣೆ ಚಚ್ಚಿಕೊಳ್ಳೋಳು.

ಅವನ ಹೆಂಡತಿ ಸವಿತ ಹತ್ತನೇ ಕ್ಲಾಸು ಓದಿದೋಳು. ಹೆರಿಗೆಗೆ ತವರಿಗೆ ಹೋಗಿದ್ದಳು. ಬೋರಲಿಂಗನಿಗೆ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ. ಅವಳು ಸೀರೆ ಒಣಹಾಕ್ತಿದ್ದ ಹಗ್ಗ ನೋಡ್ತಾ ಕೂರೋನು.

ಒಂದಿನ ಸವಿತ ಫೋನು ಮಾಡಿದಳು. "ನಿಮ್ಮನ್ನ ಬಾಳ ಮಿಸ್ ಮಾಡ್ತಿದೀನಿ ಕಣ್ರೀ!"

"ಅವ್ವಾ, ಮಿಸ್ಸು ಅಂದ್ರೇನು?"

"ತಪ್ಪೋಗಾದು ಕಣ್ಲಾ. ಬಸ್ಸು ಮಿಸ್ಸಾಯ್ತು ಅನ್ನಲ್ವಾ?"

ಬೋರಲಿಂಗ ಎದ್ದೋನೇ ಸಂತೆಗೆ ಓಡಿದ. "ನಾನು ತಪ್ಪೋಗಿದೀನಿ! ಯಾರಾದ್ರೂ ನನ್ನ ಹೆಂಡ್ತಿ ಕೈಗೆ ಕೊಟ್ಬಿಡ್ರಪ್ಪಾ!" ಅಂತ ಗೋಳಾಡಿದ. ಜನ ಕೈ ಹಿಡಿದು ತಂದು ಮನೆಗೆ ಬಿಟ್ಟರು.

"ಥೂ ಪೆದ್ದ ಮುಂಡೇದೆ! ಮಿಸ್ಸು ಅಂದ್ರೆ ನೆನೆಯೋದು! ಅಲ್ಲಿ ಅವ್ಳು ನೆನೀತವ್ಳೆ, ಇಲ್ಲಿ ನೀನೂ ನೆನಿ!"

"ಆಗ್ಲವ್ವ!" ಸೀದಾ ಹೋಗಿ ಕೆರೆಗೆ ಇಳಿದ. ಕತ್ತಿನ ಮಟ ನೀರಲ್ಲಿ ನೆನೆದ. "ಬಸುರಿ ಹೆಂಗಸು, ಒಬ್ಳೇ ನೆನೀತವ್ಳಲ್ಲ, ಶೀತ ಆಗಲ್ವಾ!" ಅಂತ ಅಳ್ತಾ ಅಳ್ತಾ ನೆನೆದ.

ಅವ್ವ ಜುಟ್ಟು ಹಿಡಿದು ಎಳೆದಳು. "ನೀರಲ್ಲಲ್ವೋ, ಮನಸಲ್ಲಿ! ಕಣ್ಮುಂದೆ ಇಲ್ದೋರಿಗೆ ಹಂಬಲಿಸೋದು! ನಿಮ್ಮಪ್ಪ ಹೋದಾಗಿಂದ ನಾ ಹಂಬಲಿಸ್ತಿಲ್ವಾ, ಹಂಗೆ." ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನಾಳೆ ಹೋಗಿ ಅವ್ಳನ್ನ ನೋಡ್ಕೊಂಬಾ. ಬಸ್ಸು ಮಾತ್ರ ಮಿಸ್ ಮಾಡ್ಬೇಡ!"

ಬಸ್ಸಿಗೆ ಹಂಬಲಿಸಬಾರದು ತಾನೆ? ಬಸ್ಸು ಬಂತು. ಬೋರಲಿಂಗ ಬೆನ್ನು ತಿರುಗಿಸಿ ನಿಂತ. ಬಸ್ಸು ಹೋಯ್ತು.

"ಚೂರೂ ಹಂಬಲಿಸಲಿಲ್ಲ ಕಣವ್ವ!"

"ನಿನ್ನ ಮನೆ ಕಾಯೋಗ! ನಡ್ಕೊಂಡೇ ಹೋಗು! ನಿನ್ನಂಥೋನಿಗೂ ಹಂಬಲಿಸೋ ಹೆಂಡ್ತಿ ಸಿಕ್ಕವ್ಳೆ, ಪುಣ್ಯ. ಅದನ್ನ ಕಳ್ಕೋಬೇಡ!"

ಗುಡ್ಡ ಹತ್ತಿದ, ಹಳ್ಳ ದಾಟಿದ. ಕಾಲೆಲ್ಲ ಬೊಬ್ಬೆ ಬಂತು. ಹೊತ್ತಿಳಿಯೋ ಹೊತ್ತಿಗೆ ಅತ್ತೆ ಮನೆ ಮುಟ್ಟಿದ. ಸವಿತ ತುಂಬಿದ ಹೊಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಬಂದ್ರಾ! ಸದ್ಯ, ಇನ್ನು ಮಿಸ್ ಮಾಡೋದು ತಪ್ಪಿತು!"

ಹೊಸ್ತಿಲ ಮೇಲಿಟ್ಟ ಕಾಲನ್ನ ಬೋರಲಿಂಗ ಹಿಂದಕ್ಕೆ ತಗೊಂಡ. ಹಂಬಲಿಸೋ ಹೆಂಡ್ತೀನ ಕಳ್ಕೋಬೇಡ ಅಂದಿದ್ಳಲ್ಲ ಅವ್ವ! ಹೆಂಡತಿ ಮುಖವನ್ನ ಒಂದು ಸಲ ಕಣ್ತುಂಬ ನೋಡಿದ.

"ಬ್ಯಾಡ ಕಣೆ ಸವಿತ, ತಪ್ಪಿಸ್ಬ್ಯಾಡ! ಮಾಡ್ತಾನೇ ಇರು! ನಾ ಹೊಂಟೆ!"

ಅಂದೋನೇ, ಅಳ್ತಾ ಅಳ್ತಾ, ಬಂದ ದಾರೀಲೇ ಓಡಿದ.