ಹಲಗೆಯ ಮೇಲಿನ ಅಲೆ

"ಗುರುಗಳೇ, ನಾನು ಸಾವಿನ ವಿಷಯ ಹೇಳುತ್ತಿದ್ದರೆ ಕೇಳುವವರು ನಡುಗುತ್ತಾರೆ. ನನಗೆ ಮಾತ್ರ ಏನೂ ಆಗುವುದಿಲ್ಲ. ನಾನು ಭಯವನ್ನು ಗೆದ್ದೆನೇ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಊರೂರು ತಿರುಗಿ ಉಪದೇಶ ಮಾಡಲು ಅಪ್ಪಣೆ ಬೇಡುವುದಕ್ಕೆ ಅವನು ಬಂದಿದ್ದ.

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ಚಿತ್ರಕಾರನಿದ್ದ. ಅವನು ಬರೆಯುತ್ತಿದ್ದುದು ಕಡಲನ್ನು ಮಾತ್ರ. ಬಂಡೆಗಳು ಅವನಿಗಾಗಿ ನಿಂತಿರುತ್ತಿದ್ದವು, ಮೋಡಗಳೂ ಒಂದಿಷ್ಟು ಹೊತ್ತು ಕಾಯುತ್ತಿದ್ದವು. ಅಲೆ ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ. ಅದನ್ನು ಹತ್ತಿರದಿಂದ ನೋಡಬೇಕೆಂದು ನೀರಿನ ಅಂಚಿನ ಬಂಡೆಯೊಂದರ ಮೇಲೆ ಕೂತು ಬರೆಯತೊಡಗಿದ.

ಆ ಬಂಡೆಗೆ ಹೋದವರು ಕಡಲಿನಿಂದ ಕಣ್ಣು ತೆಗೆಯಬಾರದೆಂದು ಮೀನುಗಾರರು ಹೇಳುತ್ತಿದ್ದರು. ಹಲಗೆ ನೋಡದೆ ಚಿತ್ರ ಬರೆಯುವುದು ಹೇಗೆ? ಅದಕ್ಕೆ ಅವನ ಹೆಂಡತಿ ಅವನ ಮುಂದೆ ನಿಂತು ಕಡಲನ್ನು ಕಾಯುತ್ತಿದ್ದಳು. ದೊಡ್ಡ ಅಲೆ ಬಂದರೆ "ಏಳಿ" ಎನ್ನುತ್ತಿದ್ದಳು. ಇಬ್ಬರೂ ಮೇಲಕ್ಕೆ ಓಡುತ್ತಿದ್ದರು. ಅವಳಿಗೆ ದಿನವೂ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಅದನ್ನು ಕಂಡು ನಗುತ್ತಿದ್ದ. ಹೆಂಡತಿಯ ಪಾಲಿಗೆ ಹೆದರಿಕೆಯನ್ನೆಲ್ಲ ಬಿಟ್ಟು, ತಾನು ಧೈರ್ಯವಂತನೆಂದು ಊರಲ್ಲಿ ಹೆಸರು ಮಾಡಿದ್ದ. ಇಂಥ ಧೈರ್ಯ ಯಾರಿಗೆ ಬೇಡ?

ಒಂದು ದಿನ ಅಲೆ ಕೊನೆಗೂ ಹಲಗೆಯ ಮೇಲೆ ಎದ್ದು ನಿಂತಿತು. ನೋಡಿದವರು ಇದಕ್ಕೆ ಹೆದರುತ್ತಾರೆಯೇ ಎಂದು ಆ ಕ್ಷಣವೇ ತಿಳಿದುಕೊಳ್ಳುವ ಆತುರ ಅವನಿಗೆ. ಒಂದು ಸಲ ತಿರುಗಿ ನೋಡೆಂದು ಹೆಂಡತಿಯನ್ನು ಕಾಡಿದ.

"ಕಡಲನ್ನು ಯಾರು ನೋಡುತ್ತಾರೆ?" ಎಂದಳು ಅವಳು.

"ನಾನು ನೋಡುತ್ತೇನೆ" ಎಂದ.

ಅವಳು ಕಡಲಿಗೆ ಬೆನ್ನು ಹಾಕಿ ತಿರುಗಿದಳು. ಅವನು ಹಲಗೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದ. ಅವಳ ಮುಖ ಬಿಳುಚಿಕೊಂಡಿತು, ತುಟಿ ಅದುರಿತು. ಅವನಿಗೆ ಹಿಗ್ಗೋ ಹಿಗ್ಗು.

ಆಗ ಅವಳ ತಲೆಯ ಹಿಂದೆ ನಿಜವಾದ ಅಲೆ ಎದ್ದಿತು. ಅವನಿಗೆ ಅದು ಕಾಣಲಿಲ್ಲವೆಂದಲ್ಲ, ಚೆನ್ನಾಗಿಯೇ ಕಂಡಿತು. ಅದರ ನೆತ್ತಿಯಲ್ಲಿದ್ದ ಹಸಿರು ತನ್ನ ಚಿತ್ರದಲ್ಲಿ ಬಂದಿಲ್ಲವಲ್ಲ ಎಂದುಕೊಂಡ. 'ಓಡು' ಎನ್ನುವುದಕ್ಕೆ ಇದ್ದ ಹೊತ್ತು ಅಷ್ಟರಲ್ಲಿ ಕಳೆದುಹೋಯಿತು.

ನೀರು ಇಳಿದಾಗ ಬಂಡೆಯ ಮೇಲೆ ಅವನೊಬ್ಬನೇ ಬಿದ್ದಿದ್ದ. ಅವನ ಎರಡು ಕೈಗಳೂ ಹಲಗೆಯನ್ನು ತಬ್ಬಿಕೊಂಡಿದ್ದವು.

ಆ ಚಿತ್ರಕಾರನಿಗೆ ಆಮೇಲಾದರೂ ಭಯವಾಯಿತೇ ಎಂದು ಚೆನ್ನವೀರ ಮೆಲ್ಲಗೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು: "ನಿನ್ನ ಮಾತಿಗೆ ಜನ ನಡುಗುವಾಗ ನಿನಗೂ ಹಿಗ್ಗಾಗುತ್ತದೆಯೇ?"